ಪೂಜೆಗೆ ಇಟ್ಟ ಆಟ

ಆ ದಿನ ನಲ್ಲಿಯಲ್ಲಿ ನೀರು ಬಂದದ್ದು ಬೆಳಗಿನ ಐದೂವರೆಗೆ. ಜಗಳೂರಿನ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಬರುವ ಮೊದಲು ನಲ್ಲಿ ಎರಡು ಸಲ ಕೆಮ್ಮಿ, ಗಾಳಿ ಉಗುಳಿ, ಆಮೇಲೆ ಕೆಂಪಗೆ ಶುರುವಾಗುತ್ತಿತ್ತು. ಆ ಕೆಮ್ಮು ಕೇಳಿದರೆ ಸಾಕು, ನನಗೆ ಎಚ್ಚರ. ಕೆಂಪು ನೀರನ್ನು ಒಂದು ಬಕೆಟ್ಟಿಗೆ ಬಿಟ್ಟುಕೊಂಡು, ತಿಳಿಯಾದ ಮೇಲೆ ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಕುಡಿಯುವುದಕ್ಕೆ ಹಿಡಿದೆ. ಆಮೇಲೆ ನೀಲಿ ಡ್ರಮ್ಮು, ಬಚ್ಚಲ ಹಂಡೆ, ಕೊನೆಗೆ ಮನೆಯಲ್ಲಿದ್ದ ತಪ್ಪಲೆ ತಂಬಿಗೆಗಳೆಲ್ಲ. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಿದೆ. ಆಯುಧಪೂಜೆ, ಹೋಳಿಗೆ ಆಗಬೇಕು. ಕಡಲೆಬೇಳೆ ಒಲೆಯ ಮೇಲಿಟ್ಟೆ. ನನ್ನ ಯಜಮಾನರು ಜಮೀನು ಅಳೆಯುವ ಕೆಲಸದವರು. ಬೇಗ ಸ್ನಾನ ಮಾಡಿ, ಕಚೇರಿಯ ಪೂಜೆಗೆಂದು ಇಸ್ತ್ರಿ ಅಂಗಿ ತೊಟ್ಟು ಹೊರಟುಹೋದರು.

ಎಲ್ಲವೂ ಪ್ರತಿ ಹಬ್ಬದ ಹಾಗೆಯೇ ನಡೆದಿತ್ತು. ರಂಗೋಲಿಯ ಎಳೆ ಮಾತ್ರ ಎರಡು ಸಲ ತಪ್ಪಿ ಅಳಿಸಿದೆ. ಒಲೆಗೂ ದೇವರ ಗೂಡಿಗೂ ನಡುವೆ ಏಳೆಂಟು ಹೆಜ್ಜೆ. ಆ ಹೆಜ್ಜೆಗಳನ್ನು ಕಾರಣವಿಲ್ಲದೆ ಎಷ್ಟು ಸಲ ತುಳಿದೆನೋ. ಗೂಡಿನ ಮುಂದೆ ಹಾಸಿದ ಹೊಸ ಟವೆಲ್ಲಿನ ಮೇಲೆ ಅಳತೆಯ ಸರಪಳಿ, ಕುಡುಗೋಲು, ನನ್ನ ಕತ್ತರಿ, ಮಗಳ ಪುಸ್ತಕಗಳು. ಅವುಗಳ ಪಕ್ಕದಲ್ಲಿ ಅಂಗೈಗಿಂತ ಸ್ವಲ್ಪ ಉದ್ದನೆಯ, ಕಪ್ಪು ಬಣ್ಣದ ಒಂದು ಗೇಮಿನ ಯಂತ್ರ ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್.

ಇದು ನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ಚನ್ನಗಿರಿಯಲ್ಲಿ ಮಗಳ ಗೆಳತಿ ಅರ್ಷಿಯಾಳ ಮನೆಗೆ ಹೋದಾಗ ಅವರ ಷೋಕೇಸಿನಲ್ಲಿ ಅದೇ ಯಂತ್ರ ಕಂಡಿತು. ಬಲಗಡೆಯ ಗುಂಡು ಬಟನ್ನಿನ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ ಈಗಲೂ ಹಾಗೇ ಇದೆ. ನಾನು ನೋಡುತ್ತಿದ್ದದ್ದನ್ನು ನೋಡಿ ಅರ್ಷಿಯಾ, "ತಗೊಳ್ರಿ ಆಂಟಿ, ಕೈಯಾಗೆ ಹಿಡ್ಕಂಡು ನೋಡ್ರಿ" ಎಂದಳು. ನಾನು ಹಿಡಿಯಲಿಲ್ಲ. ಆ ಬಿಳಿ ಗೆರೆ ನೋಡಿದ್ದೇ ಒದ್ದೆ ವಿಭೂತಿಯ ವಾಸನೆ ಮೂಗಿಗೆ ಬಂದಂತಾಯಿತು. ನನ್ನ ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಅವರಿಗೆ ಹೇಳಬೇಕಾದ ಒಂದು ಮಾತನ್ನು ಹೇಳಬೇಕಾದ ಹೊತ್ತಿಗೆ ನಾನು ಹೇಳಲಿಲ್ಲ. ಅದನ್ನು ಈಗ ಬರೆದಾದರೂ ಇಡೋಣ ಅನ್ನಿಸಿದೆ.

ಆ ವರ್ಷ ಜೂನ್‌ನಲ್ಲಿ ಯಜಮಾನರಿಗೆ ಚನ್ನಗಿರಿಯಿಂದ ಜಗಳೂರಿಗೆ ವರ್ಗವಾಯಿತು. ನನ್ನ ತವರು ಹೊನ್ನಾಳಿ, ಹೊಳೆಯ ದಂಡೆ. ಅತ್ತೆಯ ತವರು ನ್ಯಾಮತಿ. ನಮ್ಮಿಬ್ಬರಿಗೂ ನೀರನ್ನು ಅಳೆದು ಬಳಸುವುದು ಗೊತ್ತಿರಲಿಲ್ಲ. ಜಗಳೂರು ಅದನ್ನು ಕಲಿಸಿತು. ಅಲ್ಲಿಯ ಗಾಳಿ ಬೇರೆ. ಗುಡ್ಡದ ಮೇಲಿನ ದೊಡ್ಡ ಗಾಳಿಯಂತ್ರಗಳನ್ನು ತಿರುಗಿಸಿ ಮುಗಿಸಿದ ಗಾಳಿ ಸೀದಾ ನಮ್ಮ ಹಿತ್ತಲಿಗೇ ಬರುತ್ತಿತ್ತೇನೋ. ಒಣಹಾಕಿದ ಸೀರೆಯನ್ನು ಪಕ್ಕದ ಮನೆಯ ಕುರಿಹಟ್ಟಿಗೆ ಹಾರಿಸಿಬಿಡುತ್ತಿತ್ತು. ಆ ಹಟ್ಟಿಯ ಓಬಮ್ಮ ಸೀರೆ ಮಡಿಚಿ ಗೋಡೆಯ ಮೇಲಿಂದ ಕೊಡುತ್ತಾ, "ಅಕ್ಕಾರೆ, ನಿಮ್ ಸೀರೆ ನಮ್ ಕುರಿ ನೋಡಾಕೆ ಬಂದಿತ್ತು" ಅನ್ನುವಳು. ಅವಳೊಬ್ಬಳೇ ನನಗೆ ಪರಿಚಯ.

ಎಂಟನೇ ಕ್ಲಾಸಿನ ಮಗಳು ಸಿಂಚನಾಗೆ ಅದೂ ಇಲ್ಲ. ಅವಳ ಜೀವ ಇದ್ದದ್ದು ಚನ್ನಗಿರಿಯಲ್ಲಿ, ಎದುರು ಮನೆಯ ಅರ್ಷಿಯಾಳಲ್ಲಿ. ಗಲ್ಫ್‌ನಲ್ಲಿ ಕೆಲಸಕ್ಕಿದ್ದ ಅರ್ಷಿಯಾಳ ಮಾಮ ಹಳೆಯ ಸಾಮಾನಿನ ಅಂಗಡಿಯಿಂದ ತಂದುಕೊಟ್ಟ ಯಂತ್ರ ಅದು. ಜೊತೆಗೆ ಒಂದೇ ಒಂದು ಆಟ. ಜಪಾನಿನಲ್ಲಿ ನಡುನಡುವೆ ಚಿತ್ರಗಳಿರುವ ತೆಳ್ಳನೆಯ ಕಾದಂಬರಿಗಳು ಬರುತ್ತವಂತೆ, ಒಂದರ ಹಿಂದೊಂದು, ಮಾಲೆಯಾಗಿ. ಅಂಥದೊಂದು ಮಾಲೆಯ ಕಥೆಯನ್ನೇ ಆಟ ಮಾಡಿದ್ದರು. ಕಥೆಯೊಳಗಿನ ಜನರನ್ನು ನಾವೇ ನಡೆಸಬೇಕು. ಊರೂರು ಸುತ್ತಿ, ಮಾತಾಡಿಸಿ, ಹೋರಾಡಿ ಅವರನ್ನು ಬೆಳೆಸಬೇಕು. ತೊಡಕೆಂದರೆ ಅದರಲ್ಲಿ ಬರುವ ಅಕ್ಷರವೆಲ್ಲ ಜಪಾನಿ. ಗಂಟೆ, ನಿಮಿಷ ತೋರಿಸುವ ಅಂಕಿಗಳು ಮಾತ್ರ ನಮ್ಮವು.

ಹುಡುಗಿಯರು ಅದಕ್ಕೆ ಹೆದರಲಿಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ ಜಪಾನಿ ಅಕ್ಷರಗಳನ್ನು ಚಿತ್ರ ಬರೆದಂತೆ ಬರೆದುಕೊಂಡರು, ಬಲಪುಟದಲ್ಲಿ ಅದನ್ನು ಒತ್ತಿದರೆ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ. "ಇದು ಛತ್ರ. ಮಲಗಿದರೆ ಜೀವ ತುಂಬುತ್ತದೆ." "ಇದು ವಿಷ. ಅರ್ಷಿ ಎರಡು ಸಲ ಸತ್ತಳು." ಕಥೆ ಗೊತ್ತಿಲ್ಲದ್ದರಿಂದ ಕಥೆಯನ್ನೂ ತಾವೇ ಕಟ್ಟಿಕೊಂಡರು. ಕೆಂಪು ಕೂದಲಿನ ಕತ್ತಿಯ ಹುಡುಗಿಗೆ ಕೆಂಪಿ ಎಂದು ಹೆಸರು. ಅವಳು ಮನೆಯಲ್ಲಿ ಹೇಳದೆ ಬಂದವಳು, ಅದಕ್ಕೇ ಯಾವ ಊರಿಗೆ ಹೋದರೂ ಬಾಗಿಲ ಹತ್ತಿರವೇ ನಿಲ್ಲುತ್ತಾಳೆ. ಗಾಯ ವಾಸಿಮಾಡುವ ಕನ್ನಡಕದವಳು ಟೀಚರಮ್ಮ. ಅವರ ಹಿಂದೆ ಉರುಳಿಕೊಂಡು ಬರುವ ಗುಂಡನೆಯ ಪ್ರಾಣಿ ಬೋಂಡಾ. ಒಮ್ಮೆ ಫೋನಿನ ಕ್ಯಾಮೆರಾ ಹಿಡಿದು ಅನುವಾದ ನೋಡಿದರಂತೆ. "ನನ್ನ ತಂದೆಯ ಮೀನು ನಿನ್ನ ಗೌರವ" ಎಂದು ಬಂತಂತೆ. ಅವತ್ತಿನಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ನಿಯಮ: ಫೋನ್ ಹಿಡಿಯುವಂತಿಲ್ಲ, ಕೊನೆಯ ಕೋಟೆಗೆ ಇಬ್ಬರೂ ಕೂಡಿಯೇ ಹೋಗಬೇಕು.

ಒಂದೂವರೆ ವರ್ಷ ಆಡಿ ಕೊನೆಯ ಕೋಟೆಯ ಬಾಗಿಲಿಗೆ ಬಂದಿದ್ದರು. ಅಷ್ಟರಲ್ಲಿ ನಮ್ಮ ಲಾರಿ ಬಂತು. ಅರ್ಷಿಯಾ ಓಡಿಬಂದು ಯಂತ್ರವನ್ನೇ ಸಿಂಚನಾಳ ಕೈಗಿಟ್ಟಳು. "ದಸರಾ ರಜಕ್ಕೆ ತಗೊಂಡ್ ಬಾರೆ. ಕೂಡೇ ಮುಗ್ಸಣ. ಅಲ್ಲೀತನಕ ನಿನ್ ಹತ್ರಾನೇ ಇರ್ಲಿ, ಇಲ್ದಿದ್ರೆ ನೀನು ನನ್ನ ಮರ್ತ್ಬಿಡ್ತೀಯ" ಎಂದಳು. ಸಿಂಚನಾ ದಾವಣಗೆರೆ ದಾಟುವವರೆಗೂ ಅದನ್ನು ಎದೆಗೊತ್ತಿಕೊಂಡೇ ಕೂತಿದ್ದಳು.

ಜಗಳೂರಿನಲ್ಲಿ ಶಾಲೆಯ ದಿನಗಳಲ್ಲಿ ಅದನ್ನು ಮುಟ್ಟಬಾರದೆಂದು ನಾನೇ ಕಟ್ಟು ಮಾಡಿ ಬೀರುವಿನಲ್ಲಿ ಇಟ್ಟೆ. ಬೀಗದ ಕೈ ನನ್ನ ಹತ್ತಿರ. ಜುಲೈ ತಿಂಗಳ ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ನೋಟ್‌ಬುಕ್ ತೆಗೆದು ಓದಿದೆ. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಕಥೆಪುಸ್ತಕವನ್ನು ಡೆಸ್ಕಿನೊಳಗೆ ಇಟ್ಟುಕೊಂಡು ಓದುತ್ತಿದ್ದವಳು ನಾನು. ಮದುವೆಯಾದ ಮೇಲೆ ಓದು ಎಲ್ಲಿ ನಿಂತಿತೆಂದೇ ತಿಳಿಯಲಿಲ್ಲ. ಮಗಳ ಕೈಬರಹದ ಕೆಂಪಿಯ ಕಥೆ ನನ್ನನ್ನು ಹಿಡಿದುಕೊಂಡಿತು. ಬಾಗಿಲ ಹತ್ತಿರವೇ ನಿಲ್ಲುವ ಆ ಹುಡುಗಿ ಹೇಗಿದ್ದಾಳೆ ನೋಡೋಣ ಎಂದು ಯಂತ್ರ ಹಚ್ಚಿದೆ.

ಪುಸ್ತಕವನ್ನು ನಡುವೆ ತೆರೆದು ಓದಿ ನನಗೆ ಅಭ್ಯಾಸವಿಲ್ಲ. ಅದಕ್ಕೇ ಮೊದಲಿನಿಂದ ಶುರುಮಾಡಿದೆ. ಸದ್ದು ಕಡಿಮೆ ಮಾಡುವ ಬಟನ್ ಕೆಟ್ಟಿತ್ತು. ಹಿತ್ತಲ ಬಾಗಿಲಲ್ಲಿ ಕೂತು, ಸೆರಗನ್ನು ಎರಡು ಸುತ್ತು ಸುತ್ತಿ ಸದ್ದು ಅಡಗಿಸಿ ಆಡುತ್ತಿದ್ದೆ. ಮೂರರಿಂದ ನಾಲ್ಕು. ಸೇವ್ ಮಾಡುತ್ತಿರಲಿಲ್ಲ, ಆಡಿದ್ದು ಉಳಿದರೆ ಮಗಳಿಗೆ ತಿಳಿಯುತ್ತದೆಂಬ ಅಂಜಿಕೆ. ಆದ್ದರಿಂದ ದಿನವೂ ಅದೇ ಮೊದಲ ಹಳ್ಳಿ, ಅದೇ ಬಾವಿಕಟ್ಟೆ, ಅದೇ ಮುದುಕಿ. ಎರಡು ತಿಂಗಳು ನಾನು ಆ ಹಳ್ಳಿಯನ್ನು ದಾಟಲೇ ಇಲ್ಲ. ಜಗಳೂರಿನಲ್ಲಿ ದಾರಿ ಗೊತ್ತಿಲ್ಲದ ನನಗೆ ಆ ಹಳ್ಳಿಯ ಮನೆಮನೆಯೂ ಗೊತ್ತಿತ್ತು.

ಮಗಳ ಅರ್ಧವಾರ್ಷಿಕ ಪರೀಕ್ಷೆ ನಡೆದಿದ್ದ ವಾರ ಅತ್ತೆ ಒಂದು ದಿನ ಹೆಚ್ಚು ಹೊತ್ತು ಮಲಗಿದರು. ಅವತ್ತು ನಾನು ಹಳ್ಳಿ ದಾಟಿ, ಮೊದಲ ಸೇತುವೆಗೆ ಬಂದೆ. ಸೇತುವೆಯ ತುದಿಯಲ್ಲಿ ಕೆಂಪಿ ನಿಂತಿದ್ದಳು. ತಲೆ ಬಗ್ಗಿಸಿ ಏನೋ ಹೇಳಿ, ನಾನು ನಡೆಸುತ್ತಿದ್ದವರ ಜೊತೆ ಹೆಜ್ಜೆ ಹಾಕಿದಳು. ನಾಳೆ ಮತ್ತೆ ಮೊದಲಿನಿಂದ ಬಂದು ಅವಳನ್ನು ಕರೆದುಕೊಳ್ಳಬೇಕಲ್ಲ ಅನ್ನಿಸಿತು. ಒಂದೇ ಸಲ ಉಳಿಸಿಕೊಳ್ಳೋಣ, ಖಾಲಿ ಜಾಗದಲ್ಲಿ ಎಂದುಕೊಂಡೆ. ಪರದೆಯ ಮೇಲೆ ಆಟ ಉಳಿಸಿಡುವ ಮೂರು ಮನೆ ಬಂದವು. ಮೊದಲನೆಯದರಲ್ಲಿ ಹುಡುಗಿಯರ ಆಟ, ಅವರು ಆಡಿದ ಹೊತ್ತು 81:40 ಎಂದು. ಉಳಿದೆರಡು ಖಾಲಿ.

ಒಳಗಿಂದ ಅತ್ತೆ, "ಗೀತಾ, ಚಾ ಇಡ್ತೀಯೇನವ್ವಾ?" ಎಂದರು.

ಬೆಚ್ಚಿಬಿದ್ದೆ. ಗುಂಡು ಬಟನ್ನನ್ನು ಎರಡು ಸಲ ಒತ್ತಿದ್ದು ನನ್ನ ಬೆರಳೇ. ಕೆಳಗಿನ ಮನೆಗೆ ಇಳಿದ ಮೇಲೆ ಒತ್ತಬೇಕಿತ್ತು; ಇಳಿದಿರಲಿಲ್ಲ. ಹುಡುಗಿಯರ ಆಟ ಅಳಿಸಿ, ಮೊದಲ ಮನೆಯಲ್ಲಿ ಈಗ ನನ್ನದು, 01:52 ಎಂದಿತ್ತು.

ಯಂತ್ರ ಆರಿಸಿದೆ. ಹಚ್ಚಿದೆ. ಮತ್ತೆ ನೋಡಿದೆ. 01:52. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಅವತ್ತೇ ಹೇಳಬಹುದಿತ್ತು. ಪರೀಕ್ಷೆ ನಡೆದಿದೆ, ಈಗ ಬೇಡ ಎಂದುಕೊಂಡೆ. 81:40 ಮರಳಿ ಬಂದೀತೇನೋ ಎಂದು ದಿನವೂ ಮೂರಕ್ಕೆ ಹಚ್ಚಿ ನೋಡುತ್ತಿದ್ದೆ. ಪರೀಕ್ಷೆ ಮುಗಿದ ಸಂಜೆ ಸಿಂಚನಾ ಶಾಲೆಯ ಬ್ಯಾಗನ್ನು ಎಸೆದು, "ಅಮ್ಮ, ಕೀ ಕೊಡು. ಒಂದ್ಸಲ ಕೋಟೆ ಬಾಗ್ಲು ನೋಡ್ಕಂತೀನಿ, ಒಳಗೆ ಹೋಗಲ್ಲ" ಎಂದು ಕೈಯೊಡ್ಡಿದಳು. ನನ್ನ ಬಾಯಿಂದ ಬಂದದ್ದು ಬೇರೆ ಮಾತು. "ನಾಳೆ ಆಯುಧಪೂಜೆ ಅಲ್ವೇನೆ? ನಿನ್ನ ಪುಸ್ತಕದ ಜೊತೆ ಅದನ್ನೂ ಪೂಜೆಗಿಡೋಣ. ಇಟ್ಟ ಮೇಲೆ ನಾಡಿದ್ದಿನವರೆಗೆ ಮುಟ್ಟಬಾರದು."

ಪೂಜೆಗಿಟ್ಟದ್ದನ್ನು ಆ ದಿನ ಬಳಸುವುದಿಲ್ಲ ಎಂಬುದು ಎಲ್ಲರ ಮನೆಯ ಪದ್ಧತಿ. ಆ ಪದ್ಧತಿಯ ಹಿಂದೆ ನಾನು ಅಡಗಿಕೊಂಡೆ. ಅವಳಿಗೆ ಮಾತ್ರ ಅದು ಬಹಳ ಹಿಡಿಸಿತು. ತಾನೇ ಟವೆಲ್ ಹಾಸಿ, ಯಂತ್ರವನ್ನೂ ನೋಟ್‌ಬುಕ್ಕನ್ನೂ ಇಟ್ಟು ಕೈಮುಗಿದಳು. ಅತ್ತೆ ಹತ್ತಿರ ಬಂದು ಬಗ್ಗಿ ನೋಡಿ, "ಇದೂ ಆಯುಧಾನೇನೇ?" ಎಂದರು.

"ಹೂಂ ಅಜ್ಜಿ, ಇದರೊಳಗೆ ಕತ್ತಿ ಐತೆ."

"ಹಂಗಾದ್ರೆ ಇಡು ತಾಯಿ."

ವಿಜಯದಶಮಿಯ ಮಾರನೇ ದಿನ ಬೆಳಿಗ್ಗೆ ಚನ್ನಗಿರಿಗೆ ಹೊರಡುವುದೆಂದು ಆಗಿತ್ತು. ಅಲ್ಲಿಯವರೆಗೆ ಹೇಗೋ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾನು ಹೂರಣ ರುಬ್ಬುತ್ತಿದ್ದೆ. ಮಿಕ್ಸಿ ನಿಂತಾಗ ಬಚ್ಚಲಿನಿಂದ ನೀರು ಸುರಿದ ಸದ್ದು. ಅತ್ತೆ ಸಾಮಾನು ತೊಳೆಯುತ್ತಿದ್ದಾರೆ ಎಂದು ತಿಳಿಯಿತು. ತೊಳೆಯದ ಆಯುಧವನ್ನು ಅವರು ದೇವರ ಮುಂದೆ ಇಡುವವರಲ್ಲ. ಯಾವ ಸಾಮಾನು ಎಂಬುದು ತಲೆಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಓಡಿದೆ. ಕುಡುಗೋಲು, ಕತ್ತರಿ, ಸರಪಳಿ ಸಾಲಾಗಿ ಕಲ್ಲಿನ ಮೇಲೆ ನೀರಿಳಿಸುತ್ತಾ ಕೂತಿದ್ದವು. ಅತ್ತೆಯ ಕೈಯಲ್ಲಿ ಯಂತ್ರ. ಅಂಗೈಯಿಂದ ಅದರ ಮೈ ಉಜ್ಜುತ್ತಾ, "ಎಷ್ಟ್ ಜಿಡ್ಡು ಐತೆ ನೋಡೇ ಇದಕ್ಕೆ, ಮಕ್ಳು ತಿಂದ್ ಕೈಲೇ ಮುಟ್ತಾವೆ" ಎಂದು ಇನ್ನೊಂದು ತಂಬಿಗೆ ಹೊಯ್ದರು. ಆ ದಿನ ಬಂದ ತಿಳಿನೀರನ್ನೇ ಬಳಸಿದ್ದರು, ಉಳಿಸಿಟ್ಟ ಕೆಂಪು ನೀರನ್ನಲ್ಲ.

"ಅತ್ತೇ!" ಎಂದೆ. ಅಷ್ಟು ಜೋರಾಗಿ ನಾನು ಆ ಮನೆಯಲ್ಲಿ ಕೂಗಿದ್ದು ಅದೇ ಮೊದಲು.

ಸಿಂಚನಾ ಕೋಣೆಯಿಂದ ಬಂದಳು. ನೋಡಿದಳು. ಅಳಲಿಲ್ಲ. ಅಜ್ಜಿಯ ಕೈಯಿಂದ ಅದನ್ನು ತೆಗೆದುಕೊಂಡು ತನ್ನ ಲಂಗದಿಂದ ಒರೆಸಿ ಬಟನ್ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು. ಇನ್ನೊಮ್ಮೆ ಒತ್ತಿದಳು.

"ಒಣಗಿದ್ ಮೇಲೆ ಹತ್ತುತ್ತೆ ಬಿಡೇ" ಎಂದರು ಅತ್ತೆ. ಮುಖದಲ್ಲಿ ಏನೋ ತಪ್ಪಿದ್ದು ಗೊತ್ತಾದ ಗಾಬರಿ. ಆ ಗಾಬರಿಯಲ್ಲೇ, ಪೂಜೆ ಅರ್ಧಕ್ಕೆ ನಿಲ್ಲಬಾರದೆಂದು, ವಿಭೂತಿ ನೆನೆಸಿ ಎಲ್ಲಕ್ಕೂ ಮೂರು ಬೆರಳು ಎಳೆದರು. ಅವಳ ಕೈಯಲ್ಲಿದ್ದ ಯಂತ್ರಕ್ಕೂ ಎಳೆದುಬಿಟ್ಟರು.

"ಮುಟ್ಬೇಡ ಅಜ್ಜಿ! ಇದು ನಂದಲ್ಲ. ಅರ್ಷಿಗೆ ಏನಂತ ಹೇಳ್ಲಿ ನಾನು?"

ಅದನ್ನು ಬಟ್ಟೆಯಿಂದ ಒರೆಸಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಫೋನ್ ನೀರಿಗೆ ಬಿದ್ದರೆ ಎಲ್ಲರೂ ಮಾಡುವುದು ಅದನ್ನೇ. ಅಕ್ಕಿಯೊಳಗೆ ಕೈಯಿಟ್ಟಾಗ ನನಗೆ ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ: ಇದು ಎಂದೂ ಹತ್ತದಿದ್ದರೆ, 01:52 ಎಂಬುದನ್ನು ಯಾರೂ ನೋಡುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ಅತ್ತೆ ತಮ್ಮ ಕೈಯಾರೆ ಮೊದಲ ಹೋಳಿಗೆಗೆ ತುಪ್ಪ ಸುರಿದು ಮೊಮ್ಮಗಳ ಎಲೆಗೆ ಹಾಕಿದರು. ಅವಳು ಅದನ್ನು ಎಲೆಯ ತುದಿಗೆ ತಳ್ಳಿ, ಬರೀ ಅನ್ನ ಸಾರು ಉಂಡು ಎದ್ದಳು. ಅತ್ತೆ ತಮ್ಮ ಎಲೆಗೆ ಹೋಳಿಗೆ ಹಾಕಿಕೊಳ್ಳಲೇ ಇಲ್ಲ. ಅವರಿಗೆ ಹೋಳಿಗೆ ಎಂದರೆ ಎಷ್ಟು ಆಸೆ ಎಂಬುದು ನನಗೆ ಗೊತ್ತು. ಸಿಂಚನಾ ಡಬ್ಬಿಯ ಮುಚ್ಚಳ ತೆಗೆದು ಇಣುಕುವುದು, ಮುಚ್ಚುವುದು. ಅತ್ತೆ ಕಂಬಕ್ಕೊರಗಿ ಅವಳನ್ನೇ ನೋಡುವುದು. ಮೂರು ಗಂಟೆ ಹೊಡೆದಾಗ ನನ್ನ ಕಾಲು ತಾನಾಗಿಯೇ ಹಿತ್ತಲ ಬಾಗಿಲಿಗೆ ಹೋಗಿ ನಿಂತಿತು. ಗೋಡೆಯಾಚೆ ಓಬಮ್ಮನ ಕುರಿಗಳು ಒಂದೇಸಮ ಅರಚುತ್ತಿದ್ದವು.

ಹಾಸ್ಟೆಲಿನಲ್ಲಿ ಒಮ್ಮೆ ಇಂಕ್ ಬಾಟಲಿ ಒಡೆದಿತ್ತು. ಸಿಸ್ಟರ್ ಬಂದು, ಯಾರು ಎಂದು ಕೇಳುವ ಮೊದಲೇ ನಾನು ಎದ್ದು ನಿಂತಿದ್ದೆ. ಹತ್ತು ವರ್ಷದ ಹುಡುಗಿಗೆ ಅಷ್ಟು ಸುಲಭವಾದದ್ದು ಮೂವತ್ತೆಂಟಕ್ಕೆ ಏಕೆ ಬರಲಿಲ್ಲ? ಮಗಳ ಕಣ್ಣಿನಲ್ಲಿ ನಾನು ತಪ್ಪು ಮಾಡದವಳು. ಹೊಸ ಊರಿನಲ್ಲಿ ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ. ಅದನ್ನು ಬಿಟ್ಟುಕೊಡಲು ಆಗಲಿಲ್ಲ.

ಐದು ಗಂಟೆಗೆ ಸಿಂಚನಾ ಯಂತ್ರವನ್ನು ಅಕ್ಕಿಯಿಂದ ತೆಗೆದಳು. ಜಗಲಿಯ ಮೇಲೆ ಕೂತು, ಸಂದಿಯಲ್ಲಿದ್ದ ಅಕ್ಕಿ ಕಾಳೊಂದನ್ನು ಉಗುರಿನಿಂದ ಕಿತ್ತು, ಬಟನ್ ಒತ್ತಿದಳು. ನಾನು ಬಾಗಿಲ ಹತ್ತಿರವೇ ನಿಂತೆ. ಹತ್ತಬಾರದು ಎಂದು ಬೇಡಿಕೊಂಡೆನೋ, ಹತ್ತಲಿ ಎಂದೋ, ಹೇಳಲಾರೆ.

ಹತ್ತಿತು. ಆ ಪರಿಚಿತ ರಾಗ ಓಣಿಗೆಲ್ಲ ಕೇಳುವಂತೆ ಮೊಳಗಿತು.

"ಅಜ್ಜೀ, ಹತ್ತಿತು!" ಎಂದಳು. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ಬಂದರು. ಇಬ್ಬರ ಮುಖವೂ ಅರಳಿತ್ತು. ಆಮೇಲೆ ಸಿಂಚನಾಳ ಬೆರಳು ನಿಂತಿತು.

"ಇದೇನಿದು? ಒಂದು ಐವತ್ತೆರಡು?" ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಅಮ್ಮ, ಇದು ಮೊದಲ್ನೇ ಸೇತುವೆ. ನಾನು, ಅರ್ಷಿ ಹೋದ್ ವರ್ಷ ಇದ್ದ ಜಾಗ. ನೀರು ಹೋಗಿ ಹಿಂದಕ್ ತಿರುಗ್ಬಿಟ್ಟೈತೆ. ಕೋಟೆ ಇಲ್ಲ. ಎಲ್ಲಾ ಹೋತು."

ಅಮ್ಮನಿಗೂ ಆ ಆಟ ಆಡಲು ಬರುತ್ತದೆ ಎಂಬ ಯೋಚನೆಯೇ ಅವಳಿಗಿರಲಿಲ್ಲ. ನನಗೆ ಬೇಕಾದ ಸುಳ್ಳನ್ನು ಅವಳೇ ಕಟ್ಟಿ ನನ್ನ ಕೈಗೆ ಕೊಟ್ಟಿದ್ದಳು. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದೆ.

ಸಿಂಚನಾ ಈಗ ಅತ್ತಳು. ಸದ್ದಿಲ್ಲದೆ, ನೋಟ್‌ಬುಕ್ಕಿನ ಮೇಲೆ ಗದ್ದವೂರಿ. ಅತ್ತೆ ಅವಳ ಪಕ್ಕ ಕೂತರು. ಇಪ್ಪತ್ತು ವರ್ಷದಲ್ಲಿ ಅವರು ಯಾರಲ್ಲಾದರೂ ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿರಲಿಲ್ಲ, ನನ್ನ ಮಾವನವರಲ್ಲೂ ಇಲ್ಲ.

"ತಪ್ಪಾತವ್ವ. ನನಗೇನ್ ಗೊತ್ತು, ಕುಡುಗೋಲು ತೊಳ್ದಂಗೆ ತೊಳ್ದೆ" ಎಂದರು. "ನಾನೂ ಬರ್ತೀನಿ ಚನ್ನಗಿರಿಗೆ. ಆ ಹುಡ್ಗಿ ಕೈ ಹಿಡ್ಕಂಡು ನಾನೇ ಹೇಳ್ತೀನಿ, ನಿಂದೇನೂ ತಪ್ಪಿಲ್ಲ ಅಂತ."

"ನಿಂಗೆ ಬಸ್ಸಾಗೆ ಆಗಲ್ಲ ಅಜ್ಜಿ. ವಾಂತಿ ಆಗುತ್ತೆ."

"ಆಗ್ಲಿ ಬಿಡು. ಒಂದು ಕವರ್ ಇಟ್ಕಂತೀನಿ."

ಬಸ್ಸು ಹತ್ತಲಾರದ ಆ ಹೆಂಗಸು, ಅಷ್ಟು ದೂರ ಹೋಗಿ, ತಾನು ಮಾಡದ ತಪ್ಪಿಗೆ ಹದಿಮೂರು ವರ್ಷದ ಹುಡುಗಿಯ ಕೈ ಹಿಡಿಯುತ್ತಾಳೆ. ಅದನ್ನು ನಾನು ಪಕ್ಕದಲ್ಲಿ ನಿಂತು ನೋಡಬೇಕು. ಆಗುವುದಿಲ್ಲ ಅನ್ನಿಸಿತು. "ಅತ್ತೆ" ಎಂದೆ. ಅವರು ತಲೆಯೆತ್ತಿದರು. ಸಿಂಚನಾ ಕೂಡ ನೋಡಿದಳು. ಮಾತು ನಾಲಿಗೆಯವರೆಗೆ ಬಂದಿತ್ತು, ನಿಜವಾಗಿ ಬಂದಿತ್ತು. ಆದರೆ ನಾನು, ಮೊದಲು ಸೆರಗು ಸರಿಮಾಡಿಕೊಂಡೆ.

ಅಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು. ಓಬಮ್ಮ, ತಮ್ಮ ಮನೆಯ ಪೂಜೆಯ ಮಂಡಕ್ಕಿ ಬೆಲ್ಲವನ್ನು ಬಟ್ಟಲಲ್ಲಿ ಹಿಡಿದು, ಹಣೆಗೆ ದೊಡ್ಡ ಕುಂಕುಮವಿಟ್ಟುಕೊಂಡು ಒಳಗೆ ಬಂದಳು. ಬಟ್ಟಲನ್ನು ನನ್ನ ಕೈಗಿಟ್ಟು, ಸಿಂಚನಾಳ ಮಡಿಲಲ್ಲಿ ಇನ್ನೂ ರಾಗ ಹಾಡುತ್ತಿದ್ದ ಯಂತ್ರವನ್ನು ಬಗ್ಗಿ ನೋಡಿ ನಕ್ಕಳು.

"ಓ, ಇದೇನಾ ಆ ಪೀಪಿ! ದಿನಾ ಮಧ್ಯಾನ ಮೂರಕ್ಕೆ ಅಕ್ಕಾರು ಹಿತ್ಲಾಗೆ ಕುಂತ್ಕಂಡು ಹಚ್ಚೋದು ಇದ್ನೇನಾ? ಇವತ್ತು ಸದ್ದು ಬರ್ಲೇ ಇಲ್ಲ ನೋಡ್ರಿ, ಕುರಿಗೆ ನೀರು ಕುಡ್ಸೋದೇ ಮರ್ತ್ಬಿಟ್ಟೆ."